ತಾಯಿಗಿಡದ ಮೂರು ಕಡ್ಡಿ

ಮೂರು ಕಡ್ಡಿ ಇರಲಿಲ್ಲ.

ಮಾರಿಟ್ ಎರಡು ಸಲ ಎಣಿಸಿದಳು. ಮೂರನೆಯ ಸಲ ಕೈಗವಸು ತೆಗೆದು, ಒಂದೊಂದು ರೆಂಬೆಯನ್ನೂ ಬೆರಳಿನಿಂದ ಮುಟ್ಟಿ ಎಣಿಸಿದಳು. ಶನಿವಾರ ಸಂಜೆ ಗಿಡದ ಮೇಲೆ ಕಳೆದ ಬೇಸಿಗೆಯ ಹೊಸ ಕಡ್ಡಿಗಳು ಇಪ್ಪತ್ತಾರು ಇದ್ದವು. ಈಗ ಇಪ್ಪತ್ತಮೂರು.

ಜನವರಿಯ ಸೋಮವಾರ. ನರ್ಸರಿಗಳ ಊರಾದ ಬೋಸ್ಕೋಪಿನ ಕಾಲುವೆಗಳ ಮೇಲೆ ಹಾಲಿನ ಕೆನೆಯಂಥ ತೆಳು ಮಂಜುಗಡ್ಡೆ. ಎರಡು ಕಾಲುವೆಗಳ ನಡುವಿನ ಉದ್ದನೆಯ ಕಪ್ಪು ಮಣ್ಣಿನ ಪಟ್ಟಿಯಲ್ಲಿ ಎಲ್ಲ ಗಿಡಗಳೂ ಬೆತ್ತಲೆಯಾಗಿ ನಿಂತು ನಡುಗುತ್ತಿದ್ದರೆ, ತುದಿಯಲ್ಲಿ ಒಂದು ಗಿಡ ಮಾತ್ರ ಹೂ ಬಿಟ್ಟು ನಿಂತಿತ್ತು. ಮಾಯಾಹೇಝಲ್. ಯಾರೋ ಕಿತ್ತಳೆ ಸಿಪ್ಪೆಯನ್ನು ಎಳೆ ಎಳೆಯಾಗಿ ಹೆರೆದು ಬರಿಯ ಕೊಂಬೆಗೆ ಅಂಟಿಸಿದಂಥ ಹೂ. ಬೇರೆ ಮಾಯಾಹೇಝಲ್‌ಗಳು ಹಳದಿ, ಇಲ್ಲವೇ ತಾಮ್ರಗೆಂಪು. ಇದರ ಬಣ್ಣ ಏಪ್ರಿಕಾಟ್ ಜಾಮಿನದು, ಬುಡದಲ್ಲಿ ಮಾತ್ರ ಒಂದು ಹನಿ ವೈನ್.

ಹನ್ನೊಂದು ವರ್ಷದ ಹಿಂದೆ ಅವಳು ಬಿತ್ತಿದ ನಾನೂರು ಬೀಜಗಳಲ್ಲಿ ಇದೊಂದೇ ಹೀಗೆ ಹುಟ್ಟಿತ್ತು. ಪ್ರಪಂಚದಲ್ಲಿ ಇದರಂಥದು ಇನ್ನೊಂದಿಲ್ಲ. ಹೆಸರೂ ಇಟ್ಟಿಲ್ಲ. ಶುಕ್ರವಾರ ತೀರ್ಪುಗಾರರು ಬಂದು, ನೋಡಿ, ಒಪ್ಪಿದರೆ ಹೆಸರು ದಾಖಲಾಗುತ್ತದೆ. ಅಷ್ಟರೊಳಗೆ ಇದರ ಒಂದು ಕಡ್ಡಿ ಯಾರ ಕೈಗಾದರೂ ಸಿಕ್ಕರೆ, ಕಸಿ ಕಟ್ಟಿ, ತನಗೆ ಬೇಕಾದ ಹೆಸರಿಟ್ಟು, ತನ್ನದೇ ಅನ್ನಬಹುದು.

ಅವಳು ಗಾಯದ ಹತ್ತಿರ ಮುಖ ತಂದಳು. ಕತ್ತರಿಸಿದವರು ಅವಸರ ಮಾಡಿರಲಿಲ್ಲ. ಮೊಗ್ಗಿಗಿಂತ ಒಂದು ಗೋಧಿ ಕಾಳಿನಷ್ಟು ಮೇಲೆ, ನೀರು ನಿಲ್ಲದಂತೆ ಓರೆಯಾಗಿ, ನುಣ್ಣಗೆ. ಗಿಡದ ಕತ್ತರಿಗೆ ಒಂದು ಕಡೆ ಅಲಗು, ಇನ್ನೊಂದು ಕಡೆ ಕೊಕ್ಕೆ. ಕೊಕ್ಕೆ ಒತ್ತಿದ ಕಡೆ ತೊಗಟೆ ಕೂದಲೆಳೆಯಷ್ಟು ಜಜ್ಜಿರುತ್ತದೆ. ಬಲಗೈಯವರ ಗುರುತು ಒಂದು ಬದಿಗೆ, ಎಡಗೈಯವರದು ಇನ್ನೊಂದು ಬದಿಗೆ. ನರ್ಸರಿಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಕೈಬರಹ ಇದ್ದ ಹಾಗೆ.

ಇದು ಎಡಗೈ.

ತೋಟದಲ್ಲಿ ಎಡಗೈಯವನು ಒಬ್ಬನೇ. ಅವನಿಗೆಂದು ಎಡಗೈ ಕತ್ತರಿ ತರಿಸಿಕೊಟ್ಟವಳು ಮಾರಿಟ್. ಹೀಗೆ ಓರೆಯಾಗಿ, ನುಣ್ಣಗೆ ಕತ್ತರಿಸಲು ಹೇಳಿಕೊಟ್ಟವಳೂ ಅವಳೇ.

ಕಾಲುವೆಯಲ್ಲಿ ಗಾಜು ಒಡೆದಂಥ ಸದ್ದಾಯಿತು. ಚಪ್ಪಟೆ ದೋಣಿಯೊಂದು ಮಂಜುಗಡ್ಡೆ ಸೀಳಿಕೊಂಡು ಬಂತು. ಅದರ ಮೇಲೆ ಉದ್ದನೆಯ ಗಳ ಊರುತ್ತಾ ಅದೇ ಎಡಗೈಯವನು, ವೆಸೆಲ್.

"ಏನು ಮೇಡಂ, ಬೆಳಿಗ್ಗೆ ಬೆಳಿಗ್ಗೆ ಗಿಡಕ್ಕೆ ಮುತ್ತು ಕೊಡ್ತಿದ್ದೀರಾ?"

ಮಾರಿಟ್ ಥಟ್ಟನೆ ನೆಟ್ಟಗಾದಳು. "ಹೂ ನೋಡ್ತಿದ್ದೆ."

"ಕೈಗವಸು ಹಾಕ್ಕೊಂಡು ನೋಡಬಾರದಾ? ಬೆರಳು ನೋಡಿ, ಕೆಂಪು ಮೂಲಂಗಿ ಕಟ್ಟು ಆಗಿದೆ." ದಡಕ್ಕೆ ಹಾರಿ ತನ್ನದೊಂದು ಕೈಗವಸು ಕಳಚಿ ಚಾಚಿದ. ಒಳಗಿನಿಂದ ಬೆಚ್ಚಗಿನ ಆವಿ ಏಳುತ್ತಿತ್ತು. ಹೋದ ವಾರವಾಗಿದ್ದರೆ ಅವಳು ತೆಗೆದುಕೊಳ್ಳುತ್ತಿದ್ದಳು, ಬೇಡ ಬೇಡ ಅನ್ನುತ್ತಲೇ.

"ನಿನ್ನೆ ಈ ಕಡೆ ಬಂದಿದ್ರಾ?" ಎಂದಳು.

"ನಿನ್ನೆ ಭಾನುವಾರ ಅಲ್ವಾ," ಅಂದ ವೆಸೆಲ್. ಅದು ಉತ್ತರವಾಗಿರಲಿಲ್ಲ. ಅವನ ಕಿವಿಗಳು ನಿಧಾನವಾಗಿ ಕೆಂಪಾದವು. ಚಳಿಗೆ ಇರಬಹುದು. ಆದರೆ ಈಗ ತಾನೇ ಬೆಳ್ಳಗಿದ್ದ ಕಿವಿಗಳು.

ಅವಳು ಮುಂದೆ ಕೇಳಲಿಲ್ಲ. ಕೇಳಿ ಗೊತ್ತಾಗುವ ಸುಳ್ಳಿಗಿಂತ, ಕಾದು ಗೊತ್ತಾಗುವ ನಿಜ ಮೇಲು ಅಂದುಕೊಂಡಳು.

*

ವೆಸೆಲ್ ತೋಟಕ್ಕೆ ಬಂದದ್ದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಊರ ನದಿಯ ಎತ್ತುಸೇತುವೆ ಕಾಯುತ್ತಿದ್ದ. ದೋಣಿ ಬಂದರೆ ಎತ್ತುವುದು, ಹೋದರೆ ಇಳಿಸುವುದು. ಈಗ ಆ ಕೆಲಸವನ್ನು ದೂರದ ಕೋಣೆಯಲ್ಲಿ ಕುಳಿತ ಒಬ್ಬರು ಕ್ಯಾಮೆರಾ ನೋಡಿಕೊಂಡು ಮಾಡುತ್ತಾರೆ.

"ಗಿಡದ ಬಗ್ಗೆ ಏನು ಗೊತ್ತು?" ಎಂದು ಕೇಳಿದ್ದರು ಮಾರಿಟ್‌ಳ ಅಪ್ಪ ಲೇಂಡರ್ಟ್.

"ಏನೂ ಗೊತ್ತಿಲ್ಲ. ಕಾಯೋದು ಗೊತ್ತು."

ಅಪ್ಪ ಆ ಕ್ಷಣವೇ ಕೆಲಸ ಕೊಟ್ಟುಬಿಟ್ಟರು. ಒಂದೇ ಷರತ್ತು, ಜನವರಿಯ ಗಿಡ ಗುರುತಿಸುವ ಪರೀಕ್ಷೆ ಪಾಸಾಗಬೇಕು. ನಲವತ್ತು ಬಾಟಲಿ, ಬಾಟಲಿಗೊಂದು ಕಡ್ಡಿ. ಹೆಸರೂ ಬರೆಯಬೇಕು, ಗುಂಪೂ ಬರೆಯಬೇಕು. ಕಲಿಸುವ ಜವಾಬ್ದಾರಿ ಮಾರಿಟ್‌ಳ ತಲೆಗೆ ಬಂತು. ಯಾರೊಂದಿಗೂ ನಾಲ್ಕು ಮಾತು ಆಡದ ಮಾರಿಟ್, ದಿನಾ ಮಧ್ಯಾಹ್ನ ಪ್ಯಾಕಿಂಗ್ ಶೆಡ್ಡಿನಲ್ಲಿ, ಚೀಸ್ ಬ್ರೆಡ್ಡಿನ ಡಬ್ಬಿ ತೆರೆದಿಟ್ಟುಕೊಂಡು, ಒಬ್ಬನೇ ವಿದ್ಯಾರ್ಥಿಯ ಮುಂದೆ ಮೇಷ್ಟ್ರಾದಳು.

"ನಾನು ಆಗಲೇ ವಿಂಗಡಿಸಿಬಿಟ್ಟಿದ್ದೀನಿ," ಅಂದಿದ್ದ ಎರಡನೇ ದಿನ. "ಚುಚ್ಚೋವು, ಚುಚ್ಚದೇ ಇರೋವು, ಚುಚ್ಚಲ್ಲ ಅಂತ ನಂಬಿಸಿ ಚುಚ್ಚೋವು."

"ಹಾಗೆ ಬರೆದ್ರೆ ಸೊನ್ನೆ ಕೊಡ್ತಾರೆ. ಸರಿಯಾಗಿ ಕೇಳಿ. ಚಳಿಗಾಲದಲ್ಲಿ ಎಲೆ ಉದುರಿಸೋದು ಒಂದು. ನಿತ್ಯಹಸಿರು ಇನ್ನೊಂದು. ಮಧ್ಯದಲ್ಲಿ ಅರೆ ನಿತ್ಯಹಸಿರು."

"ಅರೆ ಅಂದ್ರೆ?"

"ಚಳಿ ಕಡಿಮೆ ಇದ್ರೆ ಎಲೆ ಇಟ್ಕೊಳ್ಳತ್ತೆ. ಜಾಸ್ತಿಯಾದ್ರೆ ಬಿಟ್ಟುಬಿಡತ್ತೆ."

"ಓಹೋ, ನಮ್ಮ ಸೋದರಮಾವ!"

ಅವಳಿಗೆ ನಗು ಬಂದು ಕಾಫಿ ನೆತ್ತಿಗೇರಿತ್ತು. ಅವನು ಬೆನ್ನು ತಟ್ಟಲು ಕೈಯೆತ್ತಿ, ತಟ್ಟಬಹುದೋ ಬಾರದೋ ತಿಳಿಯದೆ, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಕೊನೆಗೆ ತನ್ನ ತಲೆ ಕೆರೆದುಕೊಂಡಿದ್ದ.

ಬೆಳೆಯುವ ರೀತಿ ನೋಡಿ ಗುಂಪು ಮಾಡುವುದನ್ನು ಹೇಳಿಕೊಟ್ಟಳು. ಒಂದೇ ಕಾಂಡದಲ್ಲಿ ಮೇಲೆದ್ದರೆ ಮರ, ಬುಡದಿಂದಲೇ ಕವಲೊಡೆದರೆ ಪೊದೆ, ಆಸರೆ ಹುಡುಕಿದರೆ ಬಳ್ಳಿ, ನೆಲ ಬಿಟ್ಟು ಏಳದಿದ್ದರೆ ನೆಲಹೊದಿಕೆ. ಆಮೇಲೆ ಆಯುಸ್ಸು. ಒಂದೇ ವರ್ಷದಲ್ಲಿ ಹುಟ್ಟಿ, ಹೂಬಿಟ್ಟು, ಬೀಜವಾಗಿ ಮುಗಿಯುವುದು ಏಕವಾರ್ಷಿಕ. ವರ್ಷ ವರ್ಷ ಮತ್ತೆ ಚಿಗುರುವುದು ಬಹುವಾರ್ಷಿಕ.

"ನಡುವೆ ಎರಡು ವರ್ಷದ್ದೂ ಇದೆಯಲ್ಲ?" ಪುಸ್ತಕದ ಪುಟ ತೋರಿಸಿ ಕೇಳಿದ್ದ.

"ಇದೆ," ಎಂದು ಅವಳು ಬ್ರೆಡ್ಡಿನ ಅಂಚು ಕೀಳುತ್ತಾ ಕೂತಿದ್ದಳು. "ಮೊದಲನೇ ವರ್ಷ ಬರೀ ಎಲೆ. ಚೆನ್ನಾಗಿ ಬೇರೂರಿದೆ ಅಂತ ನಂಬಿಕೆ ಬರತ್ತೆ. ಎರಡನೇ ವರ್ಷ ಹೂ. ಆಮೇಲೆ ಇರಲ್ಲ."

ಅವಳು ಪ್ರೀತಿಸಿದ್ದ ಸ್ಟೈನ್ ಕೂಡ ಸರಿಯಾಗಿ ಎರಡು ವರ್ಷ ಇದ್ದ. ಅವಳ ತೋಟದಲ್ಲಿ, ಅವಳ ಅಡುಗೆಮನೆಯಲ್ಲಿ, ಬೆರಳಿಗೆ ಉಂಗುರ ಹಾಕುವ ಮಾತಿನವರೆಗೆ. ಹೋಗುವಾಗ ಅವಳು ಬೆಳೆಸಿದ ಬಿಳಿ ಹೈಡ್ರೇಂಜದ ಕಡ್ಡಿಗಳು ಅವನ ಜೊತೆ ಹೋದವು ಎಂದು ತಿಳಿದದ್ದು ಮುಂದಿನ ವಸಂತದಲ್ಲಿ, ಯಾರದೋ ಕ್ಯಾಟಲಾಗಿನ ಮುಖಪುಟದಲ್ಲಿ, ಬೇರೆ ಹೆಸರಿನಲ್ಲಿ ಆ ಹೂ ಕಂಡಾಗ. ಅಪ್ಪನ ಕೈ ನಡುಗಲು ಶುರುವಾದದ್ದು ಆ ವರ್ಷವೇ. ಅದು ನರದ ಕಾಯಿಲೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹತ್ತು ಸಲ ಹೇಳಿದ್ದಾರೆ. ಮಾರಿಟ್ ಒಮ್ಮೆಯೂ ನಂಬಿಲ್ಲ. ಆರು ವರ್ಷದಿಂದ ಅವಳು ಎಲ್ಲವನ್ನೂ ಎಣಿಸುತ್ತಾಳೆ, ಎಲ್ಲರನ್ನೂ ಅಳೆಯುತ್ತಾಳೆ.

"ನಾನು ಯಾವ ಗುಂಪು?" ಎಂದು ಡಿಸೆಂಬರಿನ ಒಂದು ಮಧ್ಯಾಹ್ನ ವೆಸೆಲ್ ಕೇಳಿದ್ದ.

"ಈಗ ಎಲೆ ಇಲ್ಲದ ಕಾಲ. ಮೊಗ್ಗು ನೋಡಿ ಹೇಳ್ಬೇಕು."

"ನೋಡಿ ಮತ್ತೆ." ಅವನು ಮುಖ ಮುಂದೆ ಚಾಚಿದ್ದ.

ಅವಳು ನಿಜಕ್ಕೂ ನೋಡಿದಳು, ಕಡ್ಡಿ ನೋಡುವ ಹಾಗೆ, ತಪ್ಪದೆ. ಬೂದುಗಣ್ಣು. ಹುಬ್ಬಿನಲ್ಲಿ ಸಿಕ್ಕಿಕೊಂಡ ಪಾಚಿಯ ಚೂರು. ತುಟಿಯ ಮೂಲೆಯಲ್ಲಿ ಹೊರಬರಲು ಅಪ್ಪಣೆ ಕಾಯುತ್ತಿದ್ದ ಒಂದು ನಗು. ನೋಡುತ್ತಾ ನೋಡುತ್ತಾ ಅವಳಿಗೆ ತಾನೇ ಬಾಟಲಿಯಲ್ಲಿ ನಿಂತಂತಾಗಿ, ಕಣ್ಣು ತಗ್ಗಿಸಿಬಿಟ್ಟಳು. ಆ ದಿನ ಒಂದೇ ಲೇಬಲ್ಲನ್ನು ಮೂರು ಸಲ ಬರೆದಿದ್ದಳು.

ಈಗ ಅನ್ನಿಸುತ್ತಿತ್ತು, ಆ ಬೂದುಗಣ್ಣು ಆಗಲೂ ತನ್ನ ಹೆಗಲ ಮೇಲಿಂದ ತೋಟದ ತುದಿಯನ್ನೇ ನೋಡುತ್ತಿತ್ತೋ ಏನೋ.

*

ಮಂಗಳವಾರ ಊಟದ ಹೊತ್ತಿಗೆ ವೆಸೆಲ್ ತಾನಾಗಿ ಕೇಳಿದ. "ಕಸಿ ಕಟ್ಟಿದ ಮೇಲೆ ಹಿಡೀತೋ ಇಲ್ವೋ ಅಂತ ಎಷ್ಟು ದಿನಕ್ಕೆ ಗೊತ್ತಾಗತ್ತೆ?"

ಮಾರಿಟ್ ಕಚ್ಚಿದ ಬ್ರೆಡ್ಡನ್ನು ಡಬ್ಬಿಯಲ್ಲಿ ಇಟ್ಟಳು. "ಯಾಕೆ? ಪರೀಕ್ಷೇಲಿ ಕಸಿ ಕೇಳಲ್ವಲ್ಲ."

"ಸುಮ್ನೆ. ಕುತೂಹಲ."

"ಆರು ವಾರ," ಎಂದಳು. ಅವನ ಕಿವಿ ನೋಡಿದಳು. ಕೆಂಪು.

ಬುಧವಾರ ಹತ್ತು ಗಂಟೆಗೆ ಅವಳು ಹೊರಗೇ ಹೋಗದೆ, ಶೆಡ್ಡಿನ ಮಸುಕು ಕಿಟಕಿಯಿಂದ ಕಾಲುವೆ ನೋಡುತ್ತಾ ನಿಂತಳು. ವೆಸೆಲ್‌ನ ದೋಣಿ ಆಚೆ ದಡಕ್ಕೆ ಹೋಯಿತು. ಅದು ಟೋನ್‌ನ ತೋಟ. ಟೋನ್ ಮುದುಕ ಮತ್ತು ಅಪ್ಪ ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟವರು. ನಡುವಿನ ಕಾಲುವೆಯ ಕೆಸರು ಎತ್ತುವ ಸರದಿ ಯಾರದು ಎಂಬ ಜಗಳ. ಆ ಟೋನ್ ತನ್ನ ಗಾಜಿನ ಮನೆಯ ಬಾಗಿಲಲ್ಲಿ ನಿಂತು, ವೆಸೆಲ್‌ನ ಭುಜ ತಟ್ಟಿ, ಒಳಗೆ ಕರೆದುಕೊಂಡು ಹೋದ. ಅವರಿಬ್ಬರೂ ನಗುತ್ತಿದ್ದರು.

ಅಪ್ಪನಿಗೆ ಹೇಳಲೇ? ಅಡುಗೆಮನೆಯಲ್ಲಿ ಎರಡೂ ಕೈಯಿಂದ ಬಟ್ಟಲು ಹಿಡಿದು ಕೂತ ಅಪ್ಪನ ಚಿತ್ರ ಕಣ್ಣಿಗೆ ಬಂತು. ಇನ್ನೊಂದು ಸಲ ಆ ಕೈಗಳು ತಡೆದುಕೊಳ್ಳಲಾರವು. ಹೇಳಲಿಲ್ಲ.

ವೆಸೆಲ್ ಮರಳಿ ಬಂದಾಗ ಅವಳು ಶೆಡ್ಡಿನ ಮಧ್ಯೆ ನಿಂತಿದ್ದಳು.

"ತಾಯಿಗಿಡದಿಂದ ಮೂರು ಕಡ್ಡಿ ಹೋಗಿದೆ. ಎಡಗೈಲಿ ಕತ್ತರಿಸಿದ್ದು."

ಅವನು ಕೈಗವಸು ಕಳಚಿದ. ಆಮೇಲೆ, "ಹೌದು," ಅಂದ. "ನಾನೇ."

ಸುಳ್ಳು ಹೇಳುತ್ತಾನೆ, ಆಗ ಬೈಯಬಹುದು ಎಂದು ಸಿದ್ಧಳಾಗಿದ್ದವಳಿಗೆ ಕಾಲ ಕೆಳಗಿನ ಹಲಗೆ ಜಾರಿದಂತಾಯಿತು.

"ಯಾಕೆ?"

"ಹೇಳೋ ಹಾಗಿಲ್ಲ."

"ಟೋನ್‌ಗೆ ಕೊಟ್ರಾ?"

"ಅದೂ ಹೇಳೋ ಹಾಗಿಲ್ಲ. ಮಾರಿಟ್, ಸ್ವಲ್ಪ ದಿನ..."

"ಸ್ವಲ್ಪ ದಿನ ಆದ್ಮೇಲೆ ಏನು? ಕ್ಯಾಟಲಾಗ್ ಬರತ್ತಾ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಕತ್ತರಿಸೋದು ಹೇಳ್ಕೊಟ್ಟೆ. ಎಳೆ ಕಡ್ಡಿ ಯಾವುದು, ಬಲಿತದ್ದು ಯಾವುದು, ಎಲ್ಲಾ ಬಾಯಿಬಿಟ್ಟು ಹೇಳ್ಕೊಟ್ಟೆ. ಮಾತೇ ಬರದ ನಾನು! ಚೆನ್ನಾಗಿ ಕಲಿತ್ರಿ. ನಾಳೆಯಿಂದ ಬರಬೇಡಿ."

"ನಾಳೆ ಹೇಗೂ ಪರೀಕ್ಷೆ," ಅಂದ ಮೆಲ್ಲಗೆ. ತಮಾಷೆಗೆ ಹೇಳಹೊರಟ ಮಾತು ಅರ್ಧದಲ್ಲೇ ಬತ್ತಿಹೋಯಿತು. ಎಡಗೈ ಕತ್ತರಿಯನ್ನು ಸೊಂಟದಿಂದ ತೆಗೆದು, ಒರೆಸಿ, ಮಡಚಿ, ಮೇಜಿನ ಮೇಲಿಟ್ಟು ಹೋದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ದಡಾರನೆ ಹಾಕಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

*

ಅವಳು ಕಣ್ಣೊರೆಸಿಕೊಳ್ಳಲೂ ನಿಲ್ಲದೆ ದೋಣಿ ಹತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಮನೆಯವರು ಯಾರೂ ಆ ದಡದಲ್ಲಿ ಕಾಲಿಟ್ಟಿರಲಿಲ್ಲ.

"ನಮ್ಮ ಕಡ್ಡಿ ಕೊಡಿ," ಎಂದಳು ಗಾಜಿನ ಮನೆಯ ಬಾಗಿಲಲ್ಲೇ ನಿಂತು.

ಟೋನ್ ಮುದುಕ ಕುಂಡಕ್ಕೆ ಮಣ್ಣು ತುಂಬುತ್ತಿದ್ದವನು ತಲೆ ಎತ್ತಲಿಲ್ಲ. "ಬಾಗಿಲು ಹಾಕಮ್ಮ, ಚಳಿ ಒಳಗೆ ಬರತ್ತೆ. ನಿಮ್ಮಪ್ಪನ ಹಾಗೇ ನೀನೂ, ಬಾಗಿಲು ಹಾಕೋ ಅಭ್ಯಾಸ ಇಲ್ಲ."

"ಕದ್ದ ಮಾಲು ಇಟ್ಕೊಂಡು ನನಗೆ ಬುದ್ಧಿ ಹೇಳ್ಬೇಡಿ."

ಆಗ ಅವನು ತಲೆ ಎತ್ತಿದ. ಬಹಳ ಹೊತ್ತು ನೋಡಿದ. ಆಮೇಲೆ ಮೂಲೆಯ ಬೆಚ್ಚಗಿನ ಮಣೆಯ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆ ಎತ್ತಿದ. ಮೂರು ಕುಂಡ, ಮೂರು ಕಸಿ. ಗಾಯಕ್ಕೆ ಬ್ಯಾಂಡೇಜು ಕಟ್ಟಿದಂತೆ ಸುತ್ತಿ ಮೇಣ ಹಚ್ಚಿತ್ತು. ಪ್ರತಿ ಕುಂಡದಲ್ಲೂ ಒಂದು ಮರದ ಲೇಬಲ್. ಹೆಸರಿರಲಿಲ್ಲ. ಬರೀ ತಾರೀಕು ಮತ್ತು ಒಂದು ಅಕ್ಷರ, ಪೆನ್ಸಿಲಿನಲ್ಲಿ, ಭೂಕಂಪದಲ್ಲಿ ಬರೆದಂಥ ನಡುಗುವ ಗೆರೆಗಳಲ್ಲಿ.

ಆ ನಡುಕ ಅವಳಿಗೆ ಗೊತ್ತಿತ್ತು. ಆರು ವರ್ಷದಿಂದ ದಿನಸಿ ಚೀಟಿಯ ಮೇಲೆ ನೋಡುತ್ತಿದ್ದಳು.

"ಅಪ್ಪ?"

"ಮತ್ತಿನ್ಯಾರು? ಹೊಸ ಗಿಡಕ್ಕೆ ಹೆಸರಿಡೋ ಮೊದಲು ಮೂರು ಕಡ್ಡಿ ಬೇರೆಯವರ ಮಣ್ಣಲ್ಲಿ ಕಾಪಿಗೆ, ಅಂದ್ರೆ ಜೋಪಾನಕ್ಕೆ, ಇಡೋದು ನಮ್ಮ ಹಳಬರ ಪದ್ಧತಿ. ಒಂದು ಕಡೆ ರೋಗ ಬಂತು, ನೀರು ನುಗ್ಗಿತು ಅಂದ್ರೆ ಇನ್ನೊಂದು ಕಡೆ ಉಳಿದಿರತ್ತೆ. ಇಟ್ಕೊಂಡವನು ಬಾಯಿ ಬಿಡಬಾರದು, ಐದು ವರ್ಷ ಆದ್ಮೇಲೆ ಒಂದು ಗಿಡ ವಾಪಸ್ ಕೊಡಬೇಕು. ನಿಮ್ಮ ತಾತ ನಮ್ಮಪ್ಪಂದು ಇಟ್ಟಿದ್ದ."

"ಆದ್ರೆ ನೀವಿಬ್ರೂ ಮಾತೇ ಆಡಲ್ಲ!"

"ಅದಕ್ಕೇ ನನಗೆ ಕೊಟ್ಟಿದ್ದು. ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿರೋನು ಇನ್ನೈದು ವರ್ಷ ಮುಚ್ಚಿಕೊಂಡಿರಲ್ವಾ?" ಟೋನ್ ಮೂಗು ಒರೆಸಿಕೊಂಡ. "ಹುಡುಗ ಒಳ್ಳೆಯವನು. ಆ ಕಾಲುವೆ ಕೆಸರು ಮಾತ್ರ ನಿಮ್ಮದೇ ಸರದಿ."

ಅಡುಗೆಮನೆಯಲ್ಲಿ ಬಟಾಣಿ ಸೂಪು ಕುದಿಯುತ್ತಿತ್ತು. ಅಪ್ಪ ಅವಳ ಮುಖ ನೋಡಿದ್ದೇ ಚಮಚ ಕೆಳಗಿಟ್ಟರು.

"ಗೊತ್ತಾಯ್ತಾ? ನನ್ನ ಕೈಲಿ ಕತ್ತರಿ ನಿಲ್ಲಲ್ಲ ಮಗಳೇ. ನಿನ್ನ ಕೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಯಾರ ಕೈಗೂ ಏನೂ ಕೊಡಲ್ಲ. ಅದಕ್ಕೆ ಅವನ ಕೈ ಕೇಳಿದೆ. ನಿನಗೆ ಹೇಳಬಾರದು ಅಂತ ಮಾತು ತೊಗೊಂಡೆ. 'ಸಿಕ್ಕಿಬಿದ್ರೆ ನಿನ್ನೇ ಕಳ್ಳ ಅಂತಾಳೆ' ಅಂದೆ. 'ಅನ್ನಲಿ ಬಿಡಿ, ಗಿಡ ಉಳಿದ್ರೆ ಸಾಕು' ಅಂದ."

ಮಾರಿಟ್ ಕುರ್ಚಿ ಎಳೆದುಕೊಂಡು ಕೂತಳು. ಸೂಪು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಏಳಲಿಲ್ಲ.

*

ಗುರುವಾರ ಮಧ್ಯಾಹ್ನ ಪರೀಕ್ಷೆ ನಡೆಯುವ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಒದ್ದೆ ಪಾಚಿ ಸುತ್ತಿದ ಪೇಪರ್ ಪೊಟ್ಟಣ. ಇಡೀ ರಾತ್ರಿ ಹೇಳಿಕೊಂಡು ಸರಿಮಾಡಿಕೊಂಡಿದ್ದ ಮಾತುಗಳು, ವೆಸೆಲ್ ಬಾಗಿಲಲ್ಲಿ ಕಾಣಿಸಿದ ಕೂಡಲೇ, ಒಂದೂ ಉಳಿಯದೆ ಉದುರಿದವು.

"ಹೇಗಾಯ್ತು?" ಎಂದಷ್ಟೇ ಕೇಳಿದಳು.

ಅವನು ಹತ್ತಿರ ಬಂದ, ಆದರೆ ಮೊದಲಿನಷ್ಟು ಹತ್ತಿರವಲ್ಲ. "ಮೂವತ್ತೊಂಬತ್ತು ಬರೆದೆ. ಐವಿ ಕಡ್ಡಿ ಒಂದು ಕೈಕೊಡ್ತು. ಗೋಡೆ ಸಿಕ್ಕರೆ ಬಳ್ಳಿ, ಸಿಗದಿದ್ರೆ ನೆಲಹೊದಿಕೆ. ಬಾಟಲಿ ಪಕ್ಕ ಗೋಡೆ ಇರಲಿಲ್ಲ. ಬಿಟ್ಟುಬಿಟ್ಟೆ."

"ಎರಡೂ ಸರಿ. ಯಾವುದು ಬರೆದಿದ್ರೂ ಮಾರ್ಕ್ಸ್ ಕೊಡ್ತಿದ್ರು."

"ಹೇಳ್ಕೊಟ್ಟಿರಲಿಲ್ಲ ನೀವು."

"ಹೇಳ್ಕೊಡೋದು ಬಹಳ ಬಾಕಿ ಇತ್ತು." ಅವಳು ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿದಳು. "ಟೋನ್ ಹತ್ರ ಹೋಗಿದ್ದೆ. ನಂದು ತಪ್ಪಾಯ್ತು."

"ಅನುಮಾನ ಪಟ್ಟಿದ್ದು ತಪ್ಪಲ್ಲ. ಗುರುತು ಸರಿಯಾಗೇ ಓದಿದ್ರಿ. ಆದ್ರೆ ಪ್ರಶ್ನೆ ಕೇಳಿ ಎರಡು ನಿಮಿಷ ಕೂಡ ಕಾಯಲಿಲ್ಲ ನೀವು. ಅದು ನೋವಾಯ್ತು."

"ನನಗೊಬ್ಬಳಿಗೆ ಹೇಳಬಹುದಿತ್ತಲ್ವಾ?"

"ನಿಮ್ಮಪ್ಪಂಗೆ ಕೊಟ್ಟ ಮಾತನ್ನ ನಿಮ್ಮ ಹತ್ರ ಮುರಿದಿದ್ರೆ, ನಿಮಗೆ ಕೊಟ್ಟ ಮಾತನ್ನ ಯಾರ ಹತ್ರ ಮುರೀತೀನೋ ಅಂತ ಅವತ್ತಿಂದಲೇ ಲೆಕ್ಕ ಶುರು ಮಾಡ್ತಿದ್ರಿ."

ಅದು ನಿಜವಾಗಿತ್ತು. ಎಷ್ಟು ನಿಜ ಎಂದರೆ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಪೊಟ್ಟಣವನ್ನು ಅವನ ಮುಂದೆ ಹಿಡಿದಳು.

"ಇನ್ನೂ ಮೂರು ಕಡ್ಡಿ. ನಾನೇ ಕತ್ತರಿಸಿದ್ದು. ನೀವು ಕಾಪಿಗೆ ಇಟ್ಕೊಳ್ಳಿ."

ಆರು ವರ್ಷದಲ್ಲಿ ಅವಳು ಯಾರಿಗೂ ಒಂದು ಎಲೆಯನ್ನೂ ಕೊಟ್ಟಿರಲಿಲ್ಲ. ವೆಸೆಲ್ ಪೊಟ್ಟಣ ನೋಡಿದ, ಅವಳ ಮುಖ ನೋಡಿದ, ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಇಳಿಸಿಬಿಟ್ಟ.

"ಬೇಡ."

ಹಳೆಯ ಚಳಿ ಮತ್ತೆ ಅವಳ ಬೆನ್ನಿಗಿಳಿಯಿತು. "ಯಾಕೆ?"

"ಟೋನ್ ತಾತ ಇನ್ನೊಂದು ನಿಯಮ ಹೇಳಿದ್ರು. ಕಾಪು ಇಟ್ಕೊಳ್ಳೋನು ಹೊರಗಿನವನೇ ಆಗಿರ್ಬೇಕಂತೆ. ಮನೆಯವರಿಗೆ ಕೊಡೋ ಹಾಗಿಲ್ವಂತೆ."

"ನೀವು ಹೊರಗಿನವರೇ ಅಲ್ವಾ?"

"ಇವತ್ತಿನ ಮಟ್ಟಿಗೆ ಹೌದು. ಆದ್ರೆ ಇದನ್ನ ತೊಗೊಂಡ್ರೆ ಇನ್ನೈದು ವರ್ಷ ಹೊರಗಿನವನಾಗೇ ಇರ್ಬೇಕಾಗತ್ತೆ. ಅದು ನನ್ನ ಕೈಲಿ ಆಗಲ್ಲ ಮಾರಿಟ್."

ಪಕ್ಕದಲ್ಲಿ ಯಾರೋ ಸೈಕಲ್ಲಿನ ಬೀಗ ತೆಗೆದು, ಗಂಟೆ ಹೊಡೆದು ಹೋದರು. ಮಾರಿಟ್ ಅವನನ್ನೇ ನೋಡುತ್ತಿದ್ದಳು, ಕಣ್ಣು ಕಿರಿದು ಮಾಡಿ.

"ಇದು ಯಾವಾಗಿಂದ ತಲೇಲಿದೆ?"

"ಮತ್ತೆ ಅನುಮಾನಾನಾ?"

"ಹೌದು."

"ಆಗಸ್ಟ್ ಕೊನೇ ವಾರದಿಂದ."

"ಸುಳ್ಳು. ನೀವು ಬಂದಿದ್ದೇ ಸೆಪ್ಟೆಂಬರಲ್ಲಿ."

"ಆಗ ಸೇತುವೆ ಮೇಲಿದ್ದೆ. ನೀವು ಸೈಕಲ್ ನಿಲ್ಲಿಸ್ಕೊಂಡು ಕಾಯ್ತಿದ್ರಿ. ಬುಟ್ಟಿ ತುಂಬಾ ಲ್ಯಾವೆಂಡರ್. ಒಂದು ಜೇನುನೊಣ ಹೂವಿಂದ ಹೂವಿಗೆ ಹೋಗ್ತಿತ್ತು, ನೀವು ಅದಕ್ಕೆ ಏನೋ ಹೇಳ್ತಿದ್ರಿ. ದೋಣಿ ದಾಟಿ ಹೋಯ್ತು. ನಾನು ಸೇತುವೆ ಇಳಿಸಲೇ ಇಲ್ಲ. ಹಿಂದಿನ ಕಾರುಗಳೆಲ್ಲ ಹಾರ್ನ್ ಹೊಡೆದವು."

"ಆ ದಡ್ಡ ನೀವೇನಾ!" ಅವಳ ಬಾಯಿಂದ ಹಾರಿಬಂತು. "ಐದು ನಿಮಿಷ ನಿಲ್ಲಿಸಿದ್ರಿ! ಮನೆಗೆ ಬಂದು ಅಪ್ಪಂಗೆ ಬೈಕೊಂಡು ಹೇಳಿದ್ದೆ, ಸೇತುವೆಯವನಿಗೆ ನಿದ್ದೆ ಹತ್ತಿರ್ಬೇಕು ಅಂತ."

"ನಿದ್ದೆ ಹತ್ತದೇ ಹೋಗಿದ್ದು ಆಮೇಲೆ," ಅಂದ.

"ಹಾಗಾದ್ರೆ ಕೆಲಸ ಕೇಳ್ಕೊಂಡು ಬಂದಿದ್ದು..."

"ಗಿಡ ಚುಚ್ಚತ್ತೆ ಅಂತ ಗೊತ್ತಿದ್ದೂ ಬಂದೆ."

ಅವಳು ಪೊಟ್ಟಣವನ್ನು ನಿಧಾನವಾಗಿ ತನ್ನ ಸೈಕಲ್ ಬುಟ್ಟಿಯಲ್ಲಿಟ್ಟಳು. ಹ್ಯಾಂಡಲ್ ಹಿಡಿದಳು, ಬಿಟ್ಟಳು. ಏನೋ ಹೇಳಲು ಹೊರಟು, ಬದಲಿಗೆ ಅವನ ಕೋಟಿನ ಜೇಬಿನೊಳಗೆ ತನ್ನ ಬರಿಗೈ ತೂರಿಸಿಬಿಟ್ಟಳು. ಒಳಗೆ ಅವನ ಬೆರಳುಗಳು ಒಂದು ಕ್ಷಣ ಬೆಚ್ಚಿ, ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಗುರುತು ಹಿಡಿಯುವಂತೆ ಸುತ್ತಿಕೊಂಡವು.

"ನಾಳೆ ಹತ್ತು ಗಂಟೆಗೆ ತೀರ್ಪುಗಾರರು ಬರ್ತಾರೆ," ಎಂದಳು ನೆಲ ನೋಡುತ್ತಾ. "ನೀನು ಏಳಕ್ಕೇ ಬಾ."

"ಕೆಲಸಕ್ಕಾ?"

"ತಿಂಡಿಗೆ. ಮುಂಬಾಗಿಲು ಬಡೀಬೇಡ, ಅದು ಹೊರಗಿನವರಿಗೆ. ಹಿತ್ತಲ ಕಡೆಯಿಂದ ಬಾ, ಅಡುಗೆಮನೆ 
ಬಾಗಿಲು ತೆಗೆದಿಟ್ಟಿರ್ತೀನಿ."